ಮೂಗುತಿಗೂ ಒಂದು ಚೀಟಿ

ಸಾವಿನ ಮನೆಯಲ್ಲಿ ನಮ್ಮಂಥವರ ಮೇಲೆ ಮೊದಲು ಬೀಳುವುದು ಬಂಗಾರದ ಅನುಮಾನ. ಮುಂಬಯಿಯ ಸಯನ್ ಕಡೆ ಅಂತ್ಯಕ್ರಿಯೆಯ ವ್ಯವಸ್ಥೆ ಮಾಡಿಕೊಡುವುದು ನನ್ನ ಕಸುಬು. ಕರೆಯುವವರಲ್ಲಿ ಹೆಚ್ಚಿನವರು ನಮ್ಮೂರ ಕಡೆಯವರೇ: ಹೋಟೆಲಿನವರು, ಬ್ಯಾಂಕಿನಿಂದ ನಿವೃತ್ತರಾದವರು, ವಿಜಯಪುರದ ಕಡೆಯ ಕಟ್ಟಡ ಕೂಲಿಗಳು. ಗಾಡಿ, ಚಟ್ಟ, ಐಸ್ ಪೆಟ್ಟಿಗೆ, ಭಟ್ಟರು ಎಲ್ಲವನ್ನೂ ಎರಡು ಫೋನಿನಲ್ಲಿ ಹೊಂದಿಸಬಹುದು. ಹೆಸರು ಉಳಿಸಿಕೊಳ್ಳುವುದಕ್ಕೇ ಹೆಚ್ಚು ಪಾಡು.

ಹಾಗಾಗಿ ದೇಹ ಮುಟ್ಟುವ ಮೊದಲು ಮನೆಯ ಇಬ್ಬರನ್ನು ಹತ್ತಿರ ಕರೆಯುತ್ತೇನೆ, ಒಬ್ಬರು ಸಾಲದು. ಒಬ್ಬ ಮಗ, ಒಬ್ಬ ಅಳಿಯ ಇದ್ದರೆ ಇನ್ನೂ ಒಳ್ಳೆಯದು, ಮುಂದೆ ಮಾತು ಬರುವುದು ಆ ಇಬ್ಬರ ನಡುವೆಯೇ. ಮೈಮೇಲಿರುವುದನ್ನು ಗಟ್ಟಿಯಾಗಿ ಹೇಳುತ್ತಾ ಒಂದು ಚೀಟಿಯಲ್ಲಿ ಬರೆಯುತ್ತೇನೆ: ಕರಿಮಣಿ ಒಂದು, ಬಲ ಮೂಗಿನಲ್ಲಿ ಮೂಗುತಿ, ಕಾಲುಂಗುರ ಜೋಡಿ. 'ಚಿನ್ನ' ಎಂದು ಬರೆಯುವುದಿಲ್ಲ, 'ಹಳದಿ ಲೋಹ' ಎನ್ನುತ್ತೇನೆ, ಪೊಲೀಸರ ಪಂಚನಾಮೆಯ ಹಾಗೆ. ಒರೆಹಚ್ಚಿ ನೋಡಲು ನಾನು ಅಕ್ಕಸಾಲಿಯಲ್ಲ. ತೆಗೆದದ್ದು ನೇರ ಅವರ ಕೈಗೆ, ನನ್ನ ಜೇಬಿಗಾಗಲಿ ಹುಡುಗರ ಜೇಬಿಗಾಗಲಿ ಅರೆನಿಮಿಷವೂ ಹೋಗುವುದಿಲ್ಲ. ಬಾತ ಬೆರಳಿನಲ್ಲಿ ಉಂಗುರ ಸಿಕ್ಕಿಕೊಂಡಿದ್ದರೆ ತೆಂಗಿನೆಣ್ಣೆ ಹಚ್ಚಿ, ಬೆರಳಿಗೆ ನೂಲು ಬಿಗಿಯಾಗಿ ಸುತ್ತಿ, ನಿಧಾನಕ್ಕೆ ಜಾರಿಸುತ್ತೇನೆ. ಬಾರದಿದ್ದರೆ 'ಬರಲಿಲ್ಲ, ಬಿಟ್ಟಿದೆ' ಎಂದು ಬರೆದು ಸಹಿ. ಲಿಂಗಾಯತರ ಮನೆಯಾದರೆ ಇಷ್ಟಲಿಂಗ ದೇಹದ ಜೊತೆಗೇ ಮಣ್ಣಿಗೆ ಹೋಗುತ್ತದೆ. ಅದನ್ನಿಡುವ ಬೆಳ್ಳಿಯ ಕರಡಿಗೆ ಮನೆಗೆ ಮರಳಬೇಕೋ ಎಂದು ಮೊದಲೇ ಕೇಳಿ ಬರೆದಿಡುತ್ತೇನೆ. ಕುಣಿಯ ಬಳಿ ನಿಂತು ಕೇಳುವ ಮಾತಲ್ಲ ಅದು.

ಸತ್ತವರ ವಸ್ತು ಲಪಟಾಯಿಸಿದರೆ ಭಾರತೀಯ ನ್ಯಾಯ ಸಂಹಿತೆಯ 315ನೇ ಕಲಮಿನಡಿ ಮೂರು ವರ್ಷದವರೆಗೆ ಶಿಕ್ಷೆಯಿದೆ. ಹೊಸ ಹುಡುಗ ಕೆಲಸಕ್ಕೆ ಬಂದ ದಿನವೇ ಇದನ್ನು ಹೇಳಿಬಿಡುತ್ತೇನೆ. ಕೆಲವರು ಮರುದಿನ ಬರುವುದಿಲ್ಲ. ಬಾರದಿದ್ದರೇ ಒಳ್ಳೆಯದು.

ಇನ್ನೊಂದು ಪ್ರಶ್ನೆ ತಪ್ಪಿಸುವಂತಿಲ್ಲ: ಎದೆಬಡಿತ ಸರಿಯಿಡಲು ಒಳಗೆ ಕೂರಿಸುವ ಪೇಸ್‌ಮೇಕರ್ ಇದೆಯೇ? ಅದರ ಬ್ಯಾಟರಿ ಬೆಂಕಿಯಲ್ಲಿ ಸಿಡಿಯುತ್ತದೆ. ವಿದ್ಯುತ್ ಚಿತಾಗಾರದಂಥ ಮುಚ್ಚಿದ ಕುಲುಮೆಯಾದರೆ ಒಳಗೂ ಹಾನಿ, ಬಾಗಿಲ ಬಳಿ ನಿಂತ ಕೆಲಸಗಾರನಿಗೂ ಅಪಾಯ. ಆಸ್ಪತ್ರೆಯಲ್ಲಿರುವಾಗಲೇ ವೈದ್ಯರಿಂದ ತೆಗೆಸಿ ಎಂದು ಹೇಳುತ್ತೇನೆ. ಮನೆಯವರಿಗೆ ನೆನಪಿಲ್ಲದಿದ್ದರೆ ಎದೆಯ ಮೇಲ್ಭಾಗದಲ್ಲಿ ಎಡ ಕೊರಳೆಲುಬಿನ (ಕಾಲರ್ ಬೋನ್) ಕೆಳಗೆ ಹಳೆಯ ಗಾಯದ ಗುರುತು, ಚರ್ಮದಡಿ ಗಟ್ಟಿ ಉಬ್ಬು ಇದೆಯೇ ನೋಡುತ್ತೇನೆ. ಬಲಗಡೆಯೂ ಇರಬಹುದು.

ಕಾಗದಪತ್ರ ನನ್ನ ಕೈಗೆ ಬೇಡ. ಸಾವಿನ ಕಾರಣ ತಿಳಿಸುವ ವೈದ್ಯರ ಪ್ರಮಾಣಪತ್ರ, ಅಂದರೆ ಆಸ್ಪತ್ರೆಯ ಸಾವಿಗೆ ಫಾರ್ಮ್ 4, ಮನೆಯ ಸಾವಿಗೆ ನೋಡುತ್ತಿದ್ದ ವೈದ್ಯರ ಫಾರ್ಮ್ 4ಎ, ಆಧಾರ್: ಎಲ್ಲವನ್ನೂ ಮನೆಯವರೇ ಸ್ಮಶಾನದ ಕಚೇರಿಗೆ ಕೊಡಲಿ, ನಾನು ಪಕ್ಕದಲ್ಲಿರುತ್ತೇನೆ. ಝೆರಾಕ್ಸ್ ಮೇಲೆ ಅಡ್ಡಲಾಗಿ 'ಅಂತ್ಯಕ್ರಿಯೆಗೆ ಮಾತ್ರ' ಎಂದು ದಿನಾಂಕದೊಡನೆ ಬರೆಸುತ್ತೇನೆ. ನನ್ನ ಕಡತಕ್ಕೆ ಕೊನೆಯ ನಾಲ್ಕು ಅಂಕಿಯಷ್ಟೇ ಕಾಣುವ ಆಧಾರ್ ಸಾಕು. ವಾಟ್ಸಾಪಿನಲ್ಲಿ ಬಂದ ಪಟಗಳನ್ನು ಲೆಕ್ಕ ಮುಗಿದ ಕೂಡಲೇ ಅಳಿಸುತ್ತೇನೆ. ಸತ್ತವರ ಹೆಸರು, ನಂಬರು, ವಾರಸುದಾರರ ಫೋನು ಒಂದೇ ಕಡೆ ಸಿಕ್ಕರೆ 'ನಿಮ್ಮ ತಂದೆಯ ವಿಮೆ ಹಣ ಬಂದಿದೆ' ಎನ್ನುವವರಿಗೆ ಬೇರೇನು ಬೇಕು? ಸತ್ತವರ ಹೆಸರಿನ ಅಕ್ಷರಗಳನ್ನು ಸ್ಮಶಾನದ ಕಚೇರಿಯಲ್ಲೇ ಎರಡು ಸಲ ಓದಿಸಬೇಕು. ನಮ್ಮ ಇನಿಷಿಯಲ್‌ಗಳು ಇಲ್ಲಿಯ ಅಪ್ಪನ ಹೆಸರು, ಅಡ್ಡಹೆಸರಿನ ಪದ್ಧತಿಗೆ ಒಗ್ಗುವುದಿಲ್ಲ.

ನಮ್ಮ ಕಸುಬಿಗೂ ಫೋನಿನ ಮೋಸಗಾರರು ಬಂದಿದ್ದಾರೆ. 'ಸೈನ್ಯದಲ್ಲಿದ್ದೇನೆ, ತಂದೆ ತೀರಿಕೊಂಡರು, ಅಡ್ವಾನ್ಸ್ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ' ಎನ್ನುತ್ತಾರೆ. ಹಣ ಬರಬೇಕಾದರೆ ಪಿನ್ ಒತ್ತಬೇಕಿಲ್ಲ ಎಂದು ಹುಡುಗರಿಗೆ ಬಾಯಿಪಾಠ ಮಾಡಿಸಿದ್ದೇನೆ. ಕಳೆದುಕೊಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ನನ್ನ ಹೆಸರು ಹೇಳಿ ಮನೆಯವರಿಂದ ಯಾರಾದರೂ ಹಣ ಕೀಳಬಾರದೆಂದು ಚೀಟಿಯ ತಳದಲ್ಲೇ ನನ್ನ ಒಂದೇ ನಂಬರು, ಒಪ್ಪಿದ ಮೊತ್ತ ಬರೆದಿರುತ್ತದೆ. ಡ್ರೈವರ್ ದಾರಿಯಲ್ಲಿ ಟೋಲ್ ಅಂತ ಕೇಳಿದರೂ ಕೊಡಬೇಡಿ, ನನಗೆ ಫೋನ್ ಮಾಡಿ ಎನ್ನುತ್ತೇನೆ.