ಟ್ಯಾರೋ ಡೆಕ್ ಕೊಳ್ಳುವ ಮುಂಚೆ 8 ಮತ್ತು 11 ನೋಡಿ

ಚಂದ ಕಂಡಿತು ಅಂತ ಟ್ಯಾರೋ ಡೆಕ್ (ಭವಿಷ್ಯ ನೋಡುವ ಚಿತ್ರದ ಕಾರ್ಡ್‌ಗಳ ಕಟ್ಟು) ಕೊಂಡು, ಆಮೇಲೆ ಪಾಠದ ಪುಸ್ತಕ ತೆರೆದರೆ ತಲೆ ಕೆಡುತ್ತದೆ. ಪುಸ್ತಕ ಹೇಳುವುದು ಒಂದು, ಕೈಯಲ್ಲಿರುವ ಕಾರ್ಡ್ ತೋರಿಸುವುದು ಇನ್ನೊಂದು. ನಾನೂ ಹೀಗೇ ಬೆಪ್ಪಾಗಿದ್ದೆ. ಸುಮ್ನೆ ಭವಿಷ್ಯ ನೋಡಲು ಯಾವ ಡೆಕ್ ಆದರೂ ನಡೆದೀತು. ಒಂದು ಪರಂಪರೆಯನ್ನೇ ಹಿಡಿದು ಕಲಿಯುವವರು ಮೊದಲು ಪಾಠ ಯಾರದು ಅಂತ ಗೊತ್ತುಮಾಡಿಕೊಂಡು, ಆಮೇಲೆ ಡೆಕ್ ಹುಡುಕಬೇಕು.

ಡೆಕ್ ಯಾವ ಕಡೆಯದು ಅಂತ ತಿಳಿಯಲು 22 ಮೇಜರ್ ಕಾರ್ಡ್‌ಗಳಲ್ಲಿ (ಒಂದೊಂದಕ್ಕೂ ತನ್ನದೇ ಹೆಸರಿರುವ ಮುಖ್ಯ ಕಾರ್ಡ್‌ಗಳು) 8 ಮತ್ತು 11ನ್ನು ಹೊರತೆಗೆಯಿರಿ. ಹಳೆಯ ಫ್ರೆಂಚ್ ಮಾದರಿಯ ಮಾರ್ಸೇ ಡೆಕ್‌ನಲ್ಲಿ 8 ಜಸ್ಟಿಸ್ (ನ್ಯಾಯ), 11 ಸ್ಟ್ರೆಂತ್ (ಬಲ). ಲಂಡನ್‌ನಲ್ಲಿ 1888ರಲ್ಲಿ ಶುರುವಾದ ಗೋಲ್ಡನ್ ಡಾನ್ ಎಂಬ ಗುಪ್ತವಿದ್ಯೆಯ ಕೂಟದವರು ಇವೆರಡನ್ನೂ ಅದಲುಬದಲು ಮಾಡಿದರು. ಅವರು 22 ಹೀಬ್ರೂ ಅಕ್ಷರಗಳನ್ನು ಈ 22 ಕಾರ್ಡ್‌ಗಳಿಗೆ ಸಾಲಾಗಿ ಜೋಡಿಸಿದ್ದರು. ಅವರ ಲೆಕ್ಕದಲ್ಲಿ ಕೆಲವು ಅಕ್ಷರಗಳಿಗೆ ಒಂದೊಂದು ರಾಶಿಯೂ ಇತ್ತು. ಸಿಂಹ ರಾಶಿಯ ಅಕ್ಷರ ಬಂದು ಕೂತದ್ದು 8ಕ್ಕೆ, ತುಲಾ ರಾಶಿಯದು 11ಕ್ಕೆ. ಸಿಂಹ ಇರುವುದು ಸ್ಟ್ರೆಂತ್ ಕಾರ್ಡ್‌ನಲ್ಲಿ, ತಕ್ಕಡಿ ಜಸ್ಟಿಸ್ ಕೈಯಲ್ಲಿ. ಜಾಗ ಬದಲಿಸದೆ ಇನ್ನೇನು ಮಾಡುತ್ತಾರೆ, ಅಲ್ವಾ? 1909ರಲ್ಲಿ ಬಂದ ರೈಡರ್-ವೇಟ್-ಸ್ಮಿತ್ ಡೆಕ್‌ನಲ್ಲೂ ಇದೇ ಕ್ರಮ. ಇಂಗ್ಲಿಷ್ ಗುಪ್ತವಿದ್ಯೆಯ ಲೇಖಕ ಅಲಿಸ್ಟರ್ ಕ್ರೌಲಿಯ ಥಾತ್ ಡೆಕ್ ಮಾತ್ರ ತುಂಟ. ರಾಶಿ, ಅಕ್ಷರ ಗೋಲ್ಡನ್ ಡಾನ್‌ನವು, ಅಂಕಿ ಹಳೆಯವು, ಹೆಸರು ಎರಡಕ್ಕೂ ಹೊಸದು.

ಇನ್ನು ಫೂಲ್ (ಮೂರ್ಖ) ಕಾರ್ಡ್. ಗೋಲ್ಡನ್ ಡಾನ್‌ನವರು ಅದಕ್ಕೆ ಮೊದಲ ಅಕ್ಷರ ಆಲೆಫ್ ಕೊಟ್ಟರು. ಫ್ರೆಂಚ್ ಗುಪ್ತವಿದ್ಯೆಯ ಲೇಖಕ ಎಲಿಫಾಸ್ ಲೆವಿ ಅದನ್ನು ಕೊನೆಯಿಂದ ಎರಡನೆಯದಾಗಿ ಇಟ್ಟು ಶಿನ್ ಅಕ್ಷರ ಕೊಟ್ಟ. ಇದೊಂದರಿಂದ ಹೆಚ್ಚುಕಮ್ಮಿ ಎಲ್ಲ ಕಾರ್ಡ್‌ಗಳ ಅಕ್ಷರವೂ ಒಂದೊಂದು ಮನೆ ಜರುಗುತ್ತದೆ. ಲೆವಿ, ಅವನ ದಾರಿ ಹಿಡಿದ ಪಾಪುಸ್, ಇವರ ಹಾದಿಯಲ್ಲಿ ಓದುವವರಿಗೆ ಆಸ್ವಾಲ್ಡ್ ವರ್ತ್ ಡೆಕ್ ಅಥವಾ ಮಾರ್ಸೇ ಸರಿ. ಕಾರ್ಡ್ ಮೇಲೆ ಅಕ್ಷರ ಅಚ್ಚಾಗಿದ್ದರೆ ಅದನ್ನು ಪುಸ್ತಕದ ಪಟ್ಟಿ ಜೊತೆ ಹೋಲಿಸಿ ನೋಡಿ. ಎರಡೂ ಬೇರೆ ಇದ್ದರೆ ಆ ಡೆಕ್ ಬಿಡಿ.

ಆಮೇಲೆ ಮೈನರ್ ಕಾರ್ಡ್‌ಗಳು, ಅಂದರೆ ಇಸ್ಪೀಟಿನಂತೆ ನಾಲ್ಕು ಬಣದಲ್ಲಿರುವ ಉಳಿದವು. ಕತ್ತಿಗಳ ಮೂರು ತೆಗೆಯಿರಿ. ರೈಡರ್-ವೇಟ್-ಸ್ಮಿತ್‌ನಲ್ಲಿ ಮಳೆ ಸುರಿಯುತ್ತಿದೆ, ಕೆಂಪು ಹೃದಯಕ್ಕೆ ಮೂರು ಕತ್ತಿ ನಾಟಿವೆ. ನೋಡಿದ ಕೂಡಲೇ ಅರ್ಥವಾಗುತ್ತದೆ. ಮಾರ್ಸೇಯಲ್ಲಿ ಬಾಗಿದ ಎರಡು ಕತ್ತಿ, ನಡುವೆ ನೆಟ್ಟಗೆ ಒಂದು, ಅಷ್ಟೇ. ಕಥೆಯಿಲ್ಲ, ಅಂಕಿಯಿಂದಲೇ ಅರ್ಥ ಹೊರಡಿಸಬೇಕು. ಥಾತ್‌ನಲ್ಲಿ ದುಃಖ ಅಂತ ಇಂಗ್ಲಿಷಿನಲ್ಲಿ ಬರೆದೇ ಇದೆ, ಜೊತೆಗೆ ಶನಿ ಮತ್ತು ತುಲಾ ಚಿಹ್ನೆ. ಕಬಾಲಾ (ಯಹೂದಿ ಅನುಭಾವ ವಿದ್ಯೆ), ಜ್ಯೋತಿಷ ಸೇರಿಸಿ ಓದುವವರಿಗೆ ಇದು ಅನುಕೂಲ. ಆದರೆ ಥಾತ್‌ನಲ್ಲಿ ರಾಜ ಇಲ್ಲ, ಆ ಜಾಗದಲ್ಲಿ ನೈಟ್ (ಕುದುರೆ ಸವಾರ ಯೋಧ) ಇದ್ದಾನೆ. ಬೇರೆ ಡೆಕ್‌ನ ಪುಸ್ತಕ ಇಟ್ಟುಕೊಂಡು ಓದಿದರೆ ಇಲ್ಲೇ ಜಾಸ್ತಿ ಎಡವುವುದು.

ನನಗೆ ತುಂಬ ಹಿಡಿಸಿದ್ದು ಪಾಲ್ ಫಾಸ್ಟರ್ ಕೇಸ್ ಅವರ ಬೋಟಾ (ಅವರು ಕಟ್ಟಿದ ಪಾಠಸಂಸ್ಥೆಯ ಹೆಸರು) ಡೆಕ್. ಅದರಲ್ಲಿ ಬರೀ ಕಪ್ಪು ಗೆರೆಗಳು. ಬಣ್ಣ ನೀವೇ ಹಾಕಬೇಕು, ಅದೂ ಪಾಠದಲ್ಲಿ ಹೇಳಿದ ಬಣ್ಣವನ್ನೇ. ಒಂದು ಕಾರ್ಡ್ ಮುಗಿಸುವಷ್ಟರಲ್ಲಿ ಅದರ ಮೂಲೆಮೂಲೆ ಬಾಯಿಪಾಠ ಆಗಿರುತ್ತದೆ. ಬಣ್ಣ ಹಾಕುವ ತಾಳ್ಮೆ ಇಲ್ಲದವರು ಈ ಡೆಕ್ ತಗೊಳ್ಳಬೇಡಿ.