ಬಾಲ್ಸಾ ಕಡ್ಡಿಯಲ್ಲಿ ಜೈಂಟ್ ಡಿಪ್ಪರ್ ಕಟ್ಟಿದೆ

ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ಬೀಚಿನಲ್ಲಿರುವ ಜೈಂಟ್ ಡಿಪ್ಪರ್ ಅಂದ್ರೆ ನನಗೆ ಪ್ರಾಣ. 1924ರಲ್ಲಿ ಶುರುವಾದ ಮರದ ರೋಲರ್ ಕೋಸ್ಟರ್ ಇದು. ಆರ್ಥರ್ ಲೂಫ್ ಇದನ್ನು 47 ದಿನಗಳಲ್ಲಿ ಕಟ್ಟಿಸಿದರು! 1987ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೂ ಆಯಿತು. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಕನ್ನಡಿಗರಲ್ಲಿ ಇದರಲ್ಲಿ ಕೂತು ಕಿರುಚಿದವರು ಬೇಕಾದಷ್ಟಿದ್ದಾರೆ. ನನಗೆ ಮಾತ್ರ ಕೆಳಗೆ ನಿಂತು ಆ ಮರದ ಹೆಣಿಗೆ ನೋಡುವುದೇ ಜಾಸ್ತಿ ಇಷ್ಟ. ಅದು ಹೇಗೆ ನಿಂತಿದೆ ಅಂತ ತಿಳಿಯೋಕೆ ಬಾಲ್ಸಾ ಅನ್ನುವ ತುಂಬಾ ಹಗುರವಾದ ಮರದ ಕಡ್ಡಿಗಳಲ್ಲಿ ಅದರ ಮಾದರಿ ಕಟ್ಟಲು ಕೂತೆ.

ಅಳತೆ ನೂರಕ್ಕೆ ಒಂದು. ನಿಜವಾದ ಎತ್ತರ 70 ಅಡಿ, ಮಾದರಿಯಲ್ಲಿ ಸುಮಾರು 21 ಸೆಂ.ಮೀ. ಹಳಿಯ ಉದ್ದ 2,640 ಅಡಿ. ಪೂರ್ತಿ ಮಾಡಿದರೆ 8 ಮೀಟರ್ ಆಗುತ್ತದೆ, ಮನೆಯಲ್ಲಿ ಅಷ್ಟು ಜಾಗ ಎಲ್ಲಿದೆ? ಹಾಗಾಗಿ ಚೈನು ಗಾಡಿಯನ್ನು ಎಳೆದುಕೊಂಡು ಹೋಗುವ ಏರು ಮತ್ತು ಮೊದಲ ಇಳಿಜಾರು ಸಾಕು ಅಂದುಕೊಂಡೆ.

ಮೊದಲು ಪಕ್ಕದಿಂದ ತೆಗೆದ ಫೋಟೋ ನೋಡಿ ಏರಿಳಿತದ ಗೆರೆಯನ್ನು ಮಾದರಿಯ ಅಳತೆಗೇ ಕಾಗದದ ಮೇಲೆ ಎಳೆದೆ. ಅದರ ಕೆಳಗೆ ಸಮಾನ ಅಂತರದಲ್ಲಿ ಹಳಿಯನ್ನು ಹೊರುವ ಚೌಕಟ್ಟುಗಳ ಜಾಗ ಗುರುತು ಮಾಡಿದೆ. ಒಂದೊಂದು ಚೌಕಟ್ಟಿಗೂ ಬೇರೆ ಎತ್ತರ, ಒಂದರ ಕಡ್ಡಿ ಇನ್ನೊಂದಕ್ಕೆ ಆಗಲ್ಲ. ನಕ್ಷೆಯ ಮೇಲೆ ಮೇಣದ ಕಾಗದ ಹಾಸಿ, 2 ಮಿ.ಮೀ. ಕಡ್ಡಿಗಳನ್ನು ಗುಂಡುಪಿನ್ನಿನಿಂದ ಹಿಡಿಸಿ ಅಂಟು ಹಾಕಿದೆ. ಮೇಣದ ಕಾಗದ ಇದ್ದರೆ ಅಂಟು ನಕ್ಷೆಗೆ ಕಚ್ಚಿಕೊಳ್ಳಲ್ಲ.

ಚೌಕಟ್ಟುಗಳನ್ನು ಪ್ಲೈವುಡ್ ಮೇಲೆ ನಿಲ್ಲಿಸಿ, ಉದ್ದಕ್ಕೆ ಅಡ್ಡಪಟ್ಟಿ ಕೂಡಿಸಿದೆ. ತುದಿಯನ್ನು ಬೆರಳಿನಿಂದ ಒತ್ತಿದರೆ ಇಡೀ ಸಾಲು ಒಂದು ಕಡೆ ವಾಲುತ್ತಿತ್ತು. ಎರಡು ಚೌಕಟ್ಟುಗಳ ನಡುವೆ ಒಂದೇ ಒಂದು ಓರೆಪಟ್ಟಿ ಅಂಟಿಸಿ ಮತ್ತೆ ಒತ್ತಿದೆ. ಅಲ್ಲಾಡಲಿಲ್ಲ! ಆಯತ ಓರೆಯಾಗಬಹುದು, ತ್ರಿಕೋನ ಆಗಲ್ಲ ಅಂತ ಶಾಲೆಯಲ್ಲಿ ಓದಿದ್ದೆವು ಅಲ್ವಾ, ಅದೇ. ಅಷ್ಟು ತೆಳ್ಳಗಿನ ಕಂಬಗಳು ಓಡುವ ಗಾಡಿಯ ಭಾರ ಹೊರುವುದು ಈ ಓರೆಪಟ್ಟಿಗಳ ಬಲದಿಂದಲೇ. ನಿಮಗೆ ಸಮಯ ಕಡಿಮೆ ಇದ್ದರೆ ಬೇರೆ ಏನನ್ನಾದರೂ ಬಿಡಿ, ಇದನ್ನು ಬಿಡಬೇಡಿ.

ಹಳಿಗೆ ದಪ್ಪ ಕಡ್ಡಿ ಬಗ್ಗಲ್ಲ. ತೆಳುವಾದ ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸುತ್ತಾ ಗೆರೆಗೆ ತಕ್ಕಂತೆ ಬಗ್ಗಿಸಿದೆ. ನಿಜವಾದ ಮರದ ಕೋಸ್ಟರುಗಳಲ್ಲೂ ಹಲಗೆಗಳನ್ನು ಹೀಗೇ ಪದರ ಪದರವಾಗಿ ಜೋಡಿಸುತ್ತಾರೆ. ಮೇಲೆ ಚಕ್ರ ಉರುಳಲು ಉಕ್ಕಿನ ಪಟ್ಟಿ ಇರುತ್ತದೆ.

ಬಣ್ಣ ಅಲ್ಲಿರುವಂತೆಯೇ: ಕಂಬಗಳಿಗೆ ಬಿಳಿ, ಹಳಿಗೆ ಕೆಂಪು. ಈಗ ಸುರಂಗದ ಕೆಲಸ ಹಿಡಿದಿದ್ದೇನೆ. ಏರು ಹತ್ತುವ ಮುಂಚೆ ಗಾಡಿ ಆ ಕತ್ತಲೆಯಲ್ಲೇ ತಿರುಗುತ್ತಾ ಬರಬೇಕು.