ಸಿಟಿ ಕೌನ್ಸಿಲ್ ಮಾಡಿದ ಕಾನೂನನ್ನು ಜನರ ಮತಕ್ಕೆ ತರುವುದು ಹೇಗೆ?

ಕ್ಯಾಲಿಫೋರ್ನಿಯಾದಲ್ಲಿ ಸಿಟಿ ಕೌನ್ಸಿಲ್ ಕಾನೂನು ಪಾಸು ಮಾಡಿದರೂ ಅದನ್ನು ತಡೆದು ಮತಕ್ಕೆ ಹಾಕಿಸುವ ಹಕ್ಕು ಮತದಾರರಿಗಿದೆ. ಇದೇ ರೆಫರೆಂಡಮ್. 1911ರಲ್ಲಿ ಈ ಹಕ್ಕು ರಾಜ್ಯದ ಸಂವಿಧಾನಕ್ಕೇ ಸೇರಿತು. ಪೌರತ್ವ ಪಡೆದು ವೋಟರ್ ಪಟ್ಟಿಯಲ್ಲಿರುವ ಅಲ್ಲಿನ ಕನ್ನಡಿಗರೂ ಇದನ್ನು ಬಳಸಬಹುದು. ಇದಕ್ಕೆ ಪಿಟಿಷನ್, ಅಂದರೆ ಆ ಕಾನೂನನ್ನು ವಿರೋಧಿಸುವ ಮನವಿಗೆ, ಮತದಾರರ ಸಹಿ ಸಂಗ್ರಹಿಸಬೇಕು. ಗ್ರೀನ್ ಕಾರ್ಡ್ ಇರುವವರು ಸಹಿ ಹಾಕುವಂತಿಲ್ಲ.

ಮೊದಲು ಕಾನೂನು ಯಾವ ಬಗೆಯದು ನೋಡಿ. ತುರ್ತು ಕಾನೂನಿಗೆ, ನಗರದ ಮಾಮೂಲಿ ಖರ್ಚಿನ ತೆರಿಗೆಗೆ ಇದು ಅನ್ವಯಿಸದು. ಸ್ವಂತ ಚಾರ್ಟರ್ (ನಗರದ ಆಡಳಿತದ ಮೂಲ ನಿಯಮಾವಳಿ) ಇರುವ ನಗರಗಳಲ್ಲಿ ನಿಯಮ ಬೇರೆ ಇರಬಹುದು. ನಗರದ ದಾಖಲೆ ನೋಡಿಕೊಳ್ಳುವ ಅಧಿಕಾರಿ, ಅಂದರೆ ಸಿಟಿ ಕ್ಲರ್ಕ್ ಕಚೇರಿಯಲ್ಲಿ ಕೇಳಿಕೊಳ್ಳಿ.

ಕ್ಲರ್ಕ್ ಆ ಕಾನೂನನ್ನು ದೃಢೀಕರಿಸಿದ ದಿನದಿಂದ ನಿಮಗಿರುವುದು 30 ದಿನ ಮಾತ್ರ. ಅಷ್ಟರಲ್ಲಿ ನಗರದ ನೋಂದಾಯಿತ ಮತದಾರರಲ್ಲಿ ಶೇ 10ರಷ್ಟು ಜನರ ಸಹಿ ಇರುವ ಪಿಟಿಷನ್ ಕ್ಲರ್ಕ್ ಕಚೇರಿಗೆ ಸಲ್ಲಿಸಿರಬೇಕು. 40,000 ಮತದಾರರಿದ್ದರೆ 4,000 ಸಹಿ! ಹಾಗಾಗಿ ಕೌನ್ಸಿಲ್‌ನಲ್ಲಿ ಚರ್ಚೆ ನಡೆಯುತ್ತಿರುವಾಗಲೇ ಓಡಾಡಿ ಸಹಿ ಸಂಗ್ರಹಿಸುವ ಜನರನ್ನು ಹೊಂದಿಸಿಕೊಳ್ಳಿ. ಅವರಿಗೆ 18 ವರ್ಷ ತುಂಬಿರಬೇಕು.

ಪಿಟಿಷನ್‌ನಲ್ಲಿ ಕಾನೂನಿನ ಪೂರ್ತಿ ಪಠ್ಯ ಇರಲೇಬೇಕು. ಸಾರಾಂಶ ಸಾಲದು. ಅದರ ಜೊತೆಗಿರುವ ನಕ್ಷೆ, ಅನುಬಂಧ ಬಿಟ್ಟುಹೋದರೂ ಕೋರ್ಟಿನಲ್ಲಿ ಇಡೀ ಶ್ರಮ ನೀರುಪಾಲಾಗಬಹುದು. ಅಚ್ಚಿಗೆ ಕೊಡುವ ಮೊದಲು ಚುನಾವಣಾ ಕಾನೂನು ಬಲ್ಲ ವಕೀಲರಿಗೆ ತೋರಿಸಿ. ಇಲ್ಲಿ ಖರ್ಚಿಗೆ ಹಿಂಜರಿಯಬೇಡಿ.

ಜಾಸ್ತಿ ಜನ ಎಡವುವುದು ಸಹಿಯಲ್ಲಿ. ಹೆಸರು, ಮನೆ ವಿಳಾಸ, ಸಹಿ ಮೂರನ್ನೂ ಮತದಾರರೇ ಬರೆಯಬೇಕು. ಗಂಡನ ಪರವಾಗಿ ಹೆಂಡತಿ ಬರೆದರೆ ಅದು ಲೆಕ್ಕಕ್ಕಿಲ್ಲ. ಮನೆ ಬದಲಿಸಿ ವೋಟರ್ ಪಟ್ಟಿಯಲ್ಲಿ ತಿದ್ದಿಸದವರ ಸಹಿ, ಪಕ್ಕದ ಊರಿನವರ ಸಹಿ, ಎರಡು ಸಲ ಹಾಕಿದ ಸಹಿ ಎಲ್ಲ ಬಿದ್ದುಹೋಗುತ್ತವೆ. ಅದಕ್ಕೇ ಬೇಕಾದ್ದಕ್ಕಿಂತ ಸಾಕಷ್ಟು ಹೆಚ್ಚೇ ಸಂಗ್ರಹಿಸಿ. ಒಮ್ಮೆ ಸಲ್ಲಿಸಿದ ಮೇಲೆ ಕಡಿಮೆ ಬಿದ್ದದ್ದನ್ನು ಸೇರಿಸಲು ಆಗುವುದಿಲ್ಲ. ಕೊನೆಯ ದಿನ ಕಚೇರಿ ಮುಚ್ಚುವ ಹೊತ್ತಿಗೆ ಓಡುವುದೂ ಬೇಡ.

ಸಹಿಗಳು ಸರಿಯಿದ್ದರೆ ಕೌನ್ಸಿಲ್ ಆ ಕಾನೂನನ್ನು ಪೂರ್ತಿ ಹಿಂಪಡೆಯಬೇಕು, ಇಲ್ಲವೇ ಮತಕ್ಕೆ ಹಾಕಬೇಕು. ಅಲ್ಲಿಯವರೆಗೆ ಕಾನೂನು ಜಾರಿಯಾಗದು.

ಮತಕ್ಕೆ ಬಂದಾಗ ಒಂದು ಗೊಂದಲ ಎದುರಾಗುತ್ತದೆ. ಮತಪತ್ರದಲ್ಲಿ ಕೇಳುವುದು ಕಾನೂನು ಬೇಕೇ ಎಂದು. ಅದನ್ನು ವಿರೋಧಿಸಿ ಸಹಿ ಹಾಕಿದವರು ಈಗ ‘ನೋ’ ಒತ್ತಬೇಕು. ಪಿಟಿಷನ್‌ಗೆ ಹೂಂ ಅಂದವರು ಇಲ್ಲೂ ‘ಯೆಸ್’ ಅಂದುಬಿಟ್ಟರೆ ಕಷ್ಟ ಅಲ್ವಾ? ಹಾಗಾಗಿ ಮನೆ ಮನೆಗೆ ಮತ್ತೆ ಹೋಗಿ ಇದನ್ನು ಬಿಡಿಸಿ ಹೇಳಿ. ‘ನೋ’ ಗೆದ್ದರೆ ಕೌನ್ಸಿಲ್ ಅದೇ ಕಾನೂನನ್ನು ಒಂದು ವರ್ಷ ಮತ್ತೆ ತರುವಂತಿಲ್ಲ.